ಪಾಯಿಂಟ್ ಟೂಟೂ ರೈಫಲ್: ಬ್ಯಾರೆಲ್ ಎಷ್ಟುದ್ದ, ಭಾರ ಎಲ್ಲಿ?

ಬ್ಯಾರೆಲ್ ಉದ್ದವಿದ್ದಷ್ಟೂ ಗುರಿ ನೇರ ಎಂಬ ನಂಬಿಕೆ ಬಂದೂಕು ಬಲ್ಲವರ ನಡುವೆಯೂ ಇನ್ನೂ ಸತ್ತಿಲ್ಲ. ಕರಿಮದ್ದಿನ ಕಾಲದಲ್ಲಿ ಆ ಮಾತಿಗೆ ಹುರುಳಿತ್ತು. ನಿಧಾನವಾಗಿ ಉರಿಯುವ ಮದ್ದು ಗುಂಡನ್ನು ಪೂರ್ತಿ ನೂಕಬೇಕೆಂದರೆ ಉದ್ದದ ನಳಿಗೆ ಬೇಕೇ ಬೇಕಿತ್ತು. ಬೇಟೆ ಕೋವಿಗಳ ಜೊತೆ ಬೆಳೆದ ಆ ತಿಳಿವಳಿಕೆಯನ್ನು ತಲೆಯಲ್ಲಿಟ್ಟುಕೊಂಡು .22 ಗುರಿ ರೈಫಲ್ ಕೊಳ್ಳಲು ಹೋದವರು ಇವತ್ತು ಗೊಂದಲಕ್ಕೆ ಬೀಳುತ್ತಾರೆ. ಒಬ್ಬ ತಯಾರಕ 69 ಸೆಂಟಿಮೀಟರಿನ ಬ್ಯಾರೆಲ್ ಮಾರುತ್ತಾನೆ, ಅದೇ ತಯಾರಕ 50 ಸೆಂಟಿಮೀಟರಿನದನ್ನೂ ಮಾರುತ್ತಾನೆ. ಅಮೆರಿಕದ ಇನ್ನೊಬ್ಬ 46ಕ್ಕೇ ನಿಲ್ಲಿಸುತ್ತಾನೆ. ಎಲ್ಲವೂ ಗುರಿಗೆಂದೇ ಮಾಡಿದವು, ಎಲ್ಲದಕ್ಕೂ ಬೆನ್ನುತಟ್ಟುವವರಿದ್ದಾರೆ. ಮರದ ಹಿಡಿಯ ಜಾಗಕ್ಕೆ ಅಲ್ಯೂಮಿನಿಯಂ ಚಾಸಿ ಬಂದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿದೆ. ಏಕೆಂದರೆ ಚಾಸಿಯಲ್ಲಿ ಹಿಂದು, ಮುಂದು, ಕೆಳಗು ಎಲ್ಲವನ್ನೂ ಬದಲಾಯಿಸಬಹುದು. ಬದಲಾಯಿಸಬಹುದಾದ್ದು ಹೆಚ್ಚಿದಷ್ಟೂ ಕೆಡಿಸಿಕೊಳ್ಳುವ ದಾರಿಯೂ ಹೆಚ್ಚು.

ಮೊದಲು ಕಾಡತೂಸಿನ ಮಾತು. .22 ಲಾಂಗ್ ರೈಫಲ್ ಎಂಬ ಈ ಪುಟ್ಟ ಕಾಡತೂಸು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಬಂತು. ಹೊಡೆತಕ್ಕೆ ಸಿಡಿಯುವ ಮದ್ದು ಇದರ ತಳದ ಅಂಚಿನೊಳಗೇ ಇರುತ್ತದೆ, ಅದಕ್ಕೇ ಇದನ್ನು ರಿಮ್‌ಫೈರ್ ಎನ್ನುವುದು. ಗುಂಡಿನ ತೂಕ ಸುಮಾರು 2.6 ಗ್ರಾಂ. ಅದನ್ನು ನೂಕುವ ಮದ್ದು ಒಂದು ಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ. ಈಗಿನ ಹೊಗೆರಹಿತ ಮದ್ದು ಇಷ್ಟು ಕೊಂಚವಿದ್ದಾಗ ಬ್ಯಾರೆಲಿನ ಮೊದಲ 40-45 ಸೆಂಟಿಮೀಟರಿನೊಳಗೆ ತನ್ನ ಕೆಲಸ ಬಹುಪಾಲು ಮುಗಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅನಿಲದ ಒತ್ತಡ ಇಳಿಯುತ್ತ ಹೋಗುತ್ತದೆ, ಗುಂಡಿನ ಸೀಸ ಬ್ಯಾರೆಲಿನ ಗೋಡೆಗೆ ಉಜ್ಜುವ ಘರ್ಷಣೆ ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ 50 ಸೆಂಟಿಮೀಟರಿನ ಬ್ಯಾರೆಲಿಗೂ 66ರದಕ್ಕೂ ವೇಗದಲ್ಲಿ ಸೆಕೆಂಡಿಗೆ ಕೆಲವೇ ಮೀಟರಿನ ವ್ಯತ್ಯಾಸ. ಉದ್ದದ್ದು ತುಸು ನಿಧಾನವಾಗಿದ್ದರೂ ಆಶ್ಚರ್ಯವಿಲ್ಲ.

ಗುರಿಕಾರನಿಗೆ ಹೆಚ್ಚು ವೇಗ ಬೇಕಾಗಿಯೂ ಇಲ್ಲ. ಸ್ಪರ್ಧೆಯ ಕಾಡತೂಸುಗಳನ್ನು ಸೆಕೆಂಡಿಗೆ 320ರಿಂದ 330 ಮೀಟರಿನ ಆಸುಪಾಸಿನಲ್ಲಿ, ಅಂದರೆ ಶಬ್ದದ ವೇಗಕ್ಕಿಂತ ಕೆಳಗೇ ಇರುವಂತೆ ತಯಾರಿಸುತ್ತಾರೆ. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದರ ಕೆಳಕ್ಕೆ ಇಳಿಯುವಾಗ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿ ಚದರುತ್ತದೆ. ವೇಗದ ಲೆಕ್ಕದಲ್ಲಿ ಬ್ಯಾರೆಲಿನ ಉದ್ದ ಅಳೆಯುವ ಅಭ್ಯಾಸವನ್ನು .22ರ ಮಟ್ಟಿಗೆ ಇಲ್ಲಿಗೇ ಬಿಡಬಹುದು.

ಹಾಗಾದರೆ ಹಳಬರು ಉದ್ದದ ಬ್ಯಾರೆಲ್ ಯಾಕೆ ಇಟ್ಟುಕೊಂಡರು? ಕಳೆದ ಶತಮಾನದ ಗುರಿ ರೈಫಲ್‌ಗಳಲ್ಲಿ ದೊಡ್ಡ ಹೆಸರಾದ ವಿಂಚೆಸ್ಟರ್ 52ರ ಬ್ಯಾರೆಲ್ 71 ಸೆಂಟಿಮೀಟರಿನದು. ಜರ್ಮನಿಯ ಉಲ್ಮ್ ನಗರದ ಆನ್‌ಶುಟ್ಸ್ ಕಂಪನಿಯ 1907 ಮಾದರಿಗೆ 66, 1913ಕ್ಕೆ 69. ಕಾರಣ ಕಣ್ಣಿನದು. ಒಲಿಂಪಿಕ್ ಶೈಲಿಯ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನು ಇಲ್ಲ. ಹಿಂದಿನ ಕಿಂಡಿ, ಮುಂದಿನ ಉಂಗುರ, ಅದರಾಚೆ ಕಪ್ಪು ಚುಕ್ಕೆ ಒಂದೇ ಸಾಲಿಗೆ ಬರಬೇಕು. ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ ನಡುವಣ ದೂರ 76 ಸೆಂಟಿಮೀಟರ್ ಇದ್ದು, ಜೋಡಣೆಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೆ 50 ಮೀಟರಿನಲ್ಲಿ ಗುಂಡು 6.6 ಮಿಲಿಮೀಟರ್ ಸರಿಯುತ್ತದೆ. ಅದೇ ದೂರವನ್ನು 90 ಸೆಂಟಿಮೀಟರಿಗೆ ಹೆಚ್ಚಿಸಿದರೆ 5.6ಕ್ಕೆ ಇಳಿಯುತ್ತದೆ. ಹತ್ತರ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಇರುವ ಆಟದಲ್ಲಿ ಈ ಒಂದು ಮಿಲಿಮೀಟರ್ ಸಣ್ಣದಲ್ಲ.

ಇದಕ್ಕೆ ಯುರೋಪಿನವರು ಕಂಡುಕೊಂಡ ಉಪಾಯ ಸರಳ. ಬ್ಯಾರೆಲನ್ನು 50 ಸೆಂಟಿಮೀಟರಿಗೆ ನಿಲ್ಲಿಸಿ ಅದರ ಮೂತಿಗೆ ಹಗುರವಾದ ಅಲ್ಯೂಮಿನಿಯಂ ಟ್ಯೂಬ್ ಸಿಕ್ಕಿಸುವುದು. ಟ್ಯೂಬಿನ ಒಳಬಾಯಿ ಅಗಲವಾದ್ದರಿಂದ ಗುಂಡು ಅದನ್ನು ಮುಟ್ಟುವುದಿಲ್ಲ. ಟ್ಯೂಬಿನ ತುದಿಯಲ್ಲಿ ಮುಂದಿನ ಉಂಗುರ ಕೂರುತ್ತದೆ. ಆನ್‌ಶುಟ್ಸ್ 2013 ಈ ಬಗೆಯ ಮೋಟು ಬ್ಯಾರೆಲಿಗೆ ಹೆಸರಾದದ್ದು. ಕಣ್ಣಿಗೆ ಬೇಕಾದ ಉದ್ದವನ್ನೂ ಗುಂಡಿಗೆ ಬೇಕಾದ ಉದ್ದವನ್ನೂ ಬೇರೆಬೇರೆ ಮಾಡಿದ್ದು ಈ ಟ್ಯೂಬಿನ ನಿಜವಾದ ಕೊಡುಗೆ. ದುರ್ಬೀನು ಕೂರಿಸುವ ಸ್ಪರ್ಧೆಗಳಲ್ಲಿ ಟ್ಯೂಬಿನ ಅಗತ್ಯವೂ ಇಲ್ಲ.

ಇನ್ನು ಕಂಪನ. ಗುಂಡು ಹಾರುವಾಗ ಬ್ಯಾರೆಲ್ ನಡುಗುತ್ತದೆ ಎಂಬುದನ್ನು ಮ್ಯಾಲಕ್ ಎಂಬ ಇಂಗ್ಲಿಷ್ ವಿಜ್ಞಾನಿ 1901ರಷ್ಟು ಹಿಂದೆಯೇ ರಾಯಲ್ ಸೊಸೈಟಿಯ ಮುಂದೆ ಲೆಕ್ಕ ಸಮೇತ ಇಟ್ಟಿದ್ದ. ಒಂದು ತುದಿ ಬಿಗಿದು ಇನ್ನೊಂದು ತುದಿ ಗಾಳಿಯಲ್ಲಿ ಬಿಟ್ಟ ಉಕ್ಕಿನ ದಂಡದ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ ದಪ್ಪದ ಬ್ಯಾರೆಲನ್ನು 66ರಿಂದ 50 ಸೆಂಟಿಮೀಟರಿಗೆ ಇಳಿಸಿದರೆ ಬಿಗುವು ಸುಮಾರು 2.3 ಪಟ್ಟು ಹೆಚ್ಚುತ್ತದೆ. ಉದ್ದ ಹಾಗೇ ಇಟ್ಟು ವ್ಯಾಸವನ್ನು 22ರಿಂದ 24 ಮಿಲಿಮೀಟರಿಗೆ ಏರಿಸಿದರೆ 1.4 ಪಟ್ಟು. ಮೋಟು, ದಪ್ಪ ಬ್ಯಾರೆಲಿನವರು ಹಿಡಿಯುವ ದೊಡ್ಡ ವಾದ ಇದೇ.

ವಾದ ಸರಿ, ಆದರೆ ಪೂರ್ತಿಯಲ್ಲ. ಬ್ಯಾರೆಲ್ ನಡುಗಬಾರದೆಂದೇನಿಲ್ಲ, ಪ್ರತಿ ಸಲವೂ ಒಂದೇ ರೀತಿ ನಡುಗಿದರೆ ಸಾಕು. ನಡುಕವನ್ನು ಪಳಗಿಸಿ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಒಂದೇ ಡಬ್ಬದ ಕಾಡತೂಸುಗಳಲ್ಲೂ ವೇಗ ತುಸು ಹೆಚ್ಚುಕಮ್ಮಿ ಇರುತ್ತದೆ. ನೂರಕ್ಕೆ ಒಂದರಷ್ಟು ನಿಧಾನವಾದ ಗುಂಡು 50 ಮೀಟರಿನಲ್ಲಿ ಎರಡೂವರೆ ಮಿಲಿಮೀಟರ್ ಕೆಳಗೆ ಬೀಳುತ್ತದೆ. ಗುಂಡು ಹೊರಬೀಳುವ ಕ್ಷಣಕ್ಕೆ ಬ್ಯಾರೆಲಿನ ಮೂತಿ ಮೇಲಕ್ಕೇರುತ್ತಿದ್ದರೆ, ತಡವಾಗಿ ಬರುವ ನಿಧಾನದ ಗುಂಡಿಗೆ ಒಂದಿಷ್ಟು ಹೆಚ್ಚು ಏರುಕೋನ ಸಿಕ್ಕಿ ಕೊರತೆ ತುಂಬಿಹೋಗುತ್ತದೆ. ಮೇಜಿನ ಮೇಲೆ ರೈಫಲ್ ಇಟ್ಟು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ಮೂತಿಗೆ ಟ್ಯೂನರ್ ಎಂಬ ತಿರುಗಿಸುವ ತೂಕ ಹಾಕಿಕೊಳ್ಳುವುದು ಈ ಕ್ಷಣವನ್ನು ಹೊಂದಿಸಲಿಕ್ಕೇ. ಅವರಲ್ಲಿ ಬಹಳ ಮಂದಿ ಇವತ್ತಿಗೂ 60 ಸೆಂಟಿಮೀಟರ್ ದಾಟಿದ ಬ್ಯಾರೆಲನ್ನೇ ಇಟ್ಟುಕೊಂಡಿದ್ದಾರೆ. ಅವರ ರೈಫಲ್ ಮರಳಿನ ಚೀಲದ ಮೇಲಿರುವುದರಿಂದ ಕೈಯ ಪ್ರಶ್ನೆ ಅವರಿಗಿಲ್ಲ. ಅವರ ಅನುಭವವನ್ನು ನಿಂತು ಹೊಡೆಯುವವರಿಗೆ ಹಾಗೇ ಅಂಟಿಸಲಾಗದು.

ಮೋಟು ಬ್ಯಾರೆಲಿನ ಪರವಾಗಿ ಕೇಳಿಬರುವ ಇನ್ನೊಂದು ಮಾತಿದೆ: ಗುಂಡು ಬೇಗ ಹೊರಬೀಳುತ್ತದೆ, ಹಾಗಾಗಿ ಕೈ ಅಲುಗಿ ಗುರಿ ತಪ್ಪುವುದು ಕಡಿಮೆ ಎಂದು. ಕಂಪನಿಗಳ ಪುಸ್ತಿಕೆಗಳಲ್ಲಿ ಇದು ಚೆನ್ನಾಗಿ ಓದಿಸಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಅಷ್ಟೇನೂ ಉಳಿಯುವುದಿಲ್ಲ. ಕೊನೆಯ 16 ಸೆಂಟಿಮೀಟರ್ ದಾಟಲು ಗುಂಡಿಗೆ ಬೇಕಾದ್ದು ಅರ್ಧ ಮಿಲಿಸೆಕೆಂಡ್. ನಿಮ್ಮ ಕೈ ಎಷ್ಟೇ ಅಲುಗಿ ಗುರಿಯ ಮೇಲೆ ಸೆಕೆಂಡಿಗೆ 10 ಸೆಂಟಿಮೀಟರಿನ ವೇಗದಲ್ಲಿ ಓಡಾಡುತ್ತಿದೆ ಎಂದುಕೊಂಡರೂ ಅಷ್ಟು ಹೊತ್ತಿನಲ್ಲಿ ಅದು ಸರಿಯುವುದು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಹತ್ತು ಹೋಗಿ ಒಂಬತ್ತಾಗುವುದು ಇದರಿಂದಲ್ಲ. ಒದೆತದ ವಿಷಯ ಸ್ವಲ್ಪ ಬೇರೆ. ಗುಂಡು ಇನ್ನೂ ಬ್ಯಾರೆಲಿನಲ್ಲಿರುವಾಗಲೇ 6 ಕಿಲೋದ ರೈಫಲ್ ಹಿಂದಕ್ಕೆ 0.3 ಮಿಲಿಮೀಟರಿನಷ್ಟು ಚಲಿಸಿರುತ್ತದೆ. ಬ್ಯಾರೆಲ್ ರೈಫಲ್ಲಿನ ಗುರುತ್ವಕೇಂದ್ರಕ್ಕಿಂತ ಮೇಲೆ ಇರುವುದರಿಂದ ಮೂತಿಯೂ ಕೂದಲೆಳೆಯಷ್ಟು ಮೇಲೇಳುತ್ತದೆ. ಭುಜಕ್ಕೆ ಒತ್ತಿಕೊಂಡ ರೀತಿ ಪ್ರತಿ ಹೊಡೆತಕ್ಕೂ ಒಂದೇ ಇದ್ದರೆ ಈ ಏರಿಕೆಯೂ ಒಂದೇ ಇರುತ್ತದೆ, ಕಿಂಡಿ ಹೊಂದಿಸುವಾಗ ಅದು ಲೆಕ್ಕಕ್ಕೆ ಸೇರಿಹೋಗಿರುತ್ತದೆ. ಒತ್ತುವ ರೀತಿ ಬದಲಾದರೆ ಏರಿಕೆ ಬದಲಾಗುತ್ತದೆ. ಅಲ್ಲಿ ಮೋಟು ಬ್ಯಾರೆಲಿಗೆ ಒಂದು ಸಣ್ಣ ಅನುಕೂಲ ನಿಜಕ್ಕೂ ಇದೆ.

ವೇಗ, ಬಿಗುವು, ಸಮಯ ಮೂರನ್ನೂ ಹೀಗೆ ಬದಿಗೆ ಸರಿಸಿದರೆ ಉಳಿಯುವುದು ತೂಕ. ನನ್ನ ಮಟ್ಟಿಗೆ .22ರ ಬ್ಯಾರೆಲ್ ಎಂದರೆ ಮುಂದಕ್ಕೆ ಚಾಚಿದ ಒಂದು ತೂಕದ ದಂಡ. ಅದನ್ನು ಹಾಗೆಯೇ ಲೆಕ್ಕ ಹಾಕಬೇಕು.

22 ಮಿಲಿಮೀಟರ್ ವ್ಯಾಸದ, ಒಳಗೆ 5.6 ಮಿಲಿಮೀಟರ್ ರಂಧ್ರವಿರುವ ಉಕ್ಕಿನ ಬ್ಯಾರೆಲ್ ಪ್ರತಿ ಸೆಂಟಿಮೀಟರಿಗೆ ಸುಮಾರು 28 ಗ್ರಾಂ ತೂಗುತ್ತದೆ. 66 ಸೆಂಟಿಮೀಟರಿನದು 1.84 ಕಿಲೋ, 50ರದು 1.4 ಕಿಲೋ. ನಡುವಿನ 16 ಸೆಂಟಿಮೀಟರಿನ ತುಂಡು 446 ಗ್ರಾಂ. ಅರ್ಧ ಕಿಲೋಕ್ಕೂ ಕಡಿಮೆ ಎಂದು ಹಗುರವಾಗಿ ಕಾಣಬೇಡಿ, ಅದು ಇದ್ದದ್ದು ಎಲ್ಲಿ ಎಂದು ನೋಡಿ. ಕಾಡತೂಸು ಕೂರುವ ಚೇಂಬರಿನ ಹಿಂತುದಿಯಿಂದ ಅಳೆದರೆ ಆ ತುಂಡಿನ ನಡು 58 ಸೆಂಟಿಮೀಟರ್ ಮುಂದೆ ಇತ್ತು. ಇಡೀ ರೈಫಲ್ 6 ಕಿಲೋ ಇದ್ದು, ಅದರ ಸಮತೋಲದ ಬಿಂದು ಚೇಂಬರಿನಿಂದ 12 ಸೆಂಟಿಮೀಟರ್ ಮುಂದೆ ಇತ್ತೆನ್ನೋಣ. ತುಂಡು ಹೋದ ಮೇಲೆ ಆ ಬಿಂದು 8.3ಕ್ಕೆ ಬಂದು ನಿಲ್ಲುತ್ತದೆ. 3.7 ಸೆಂಟಿಮೀಟರ್ ಹಿಂದಕ್ಕೆ, ಅಂದರೆ ಎರಡು ಬೆರಳಿನ ಅಗಲ. ನಿಂತು ಹೊಡೆಯುವವನ ಕೈಗೆ ಇದು ಬೇರೆಯೇ ರೈಫಲ್.

ಈಗ ಚಾಸಿಯ ಮುಂಗೈಗೆ, ಅಂದರೆ ಬ್ಯಾರೆಲಿನ ಕೆಳಗೆ ಮುಂದಕ್ಕೆ ಚಾಚಿದ ಭಾಗಕ್ಕೆ, ತೂಕ ಸಿಕ್ಕಿಸಿ ಹಳೆಯ ಬಿಂದುವನ್ನು ಮತ್ತೆ ತರಲು ಹೊರಡಿ. ಮುಂಗೈಯಲ್ಲಿ ತೂಕ ಕೂರುವ ಜಾಗ ಚೇಂಬರಿನಿಂದ 35 ಸೆಂಟಿಮೀಟರಿನಲ್ಲಿದ್ದರೆ, ಅಲ್ಲಿ 892 ಗ್ರಾಂ ಹಾಕಬೇಕಾಗುತ್ತದೆ. ತೆಗೆದದ್ದರ ಸರಿಯಾಗಿ ಎರಡು ಪಟ್ಟು, ಏಕೆಂದರೆ ಆ 12ರ ಬಿಂದುವಿನಿಂದ ದೂರ ಅರ್ಧವಾಗಿದೆ. ಬಿಂದು 12ಕ್ಕೆ ಮರಳಿತು, ರೈಫಲ್ ಒಟ್ಟು 446 ಗ್ರಾಂ ಹೆಚ್ಚಾಯಿತು. ಇಷ್ಟಾದರೂ ಕೈಗೆ ಹಳೆಯ ರೈಫಲ್ ಮರಳಿ ಬಂದಂತಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಯ ಕೈಯ ಗಳುವನ್ನು ನೆನೆಯಿರಿ. ಅದೇ ತೂಕದ ಮೋಟು ಕೋಲನ್ನು ಅದೇ ನಡುಮಧ್ಯದಲ್ಲಿ ಹಿಡಿದರೂ ಅವಳಿಗೆ ಆ ಆಸರೆ ಸಿಗುವುದಿಲ್ಲ. ಸಮತೋಲದ ಬಿಂದು ಒಂದು, ತಿರುಗಲು ಒಡ್ಡುವ ಜಡತೆ ಇನ್ನೊಂದು. ಮೊದಲನೆಯದಕ್ಕೆ ತೂಕವನ್ನು ದೂರದಿಂದ ಗುಣಿಸಿದರೆ ಆಯಿತು. ಎರಡನೆಯದಕ್ಕೆ ದೂರದ ವರ್ಗದಿಂದ ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ 892 ಗ್ರಾಂ ಹಾಕಿದ ಮೇಲೂ, ಆ 16 ಸೆಂಟಿಮೀಟರ್ ತುಂಡು ಕೊಡುತ್ತಿದ್ದ ಜಡತೆಯಲ್ಲಿ ಅರ್ಧ ಮಾತ್ರ ಮರಳಿದೆ. ರೈಫಲ್ ಭಾರವಾಗಿದೆ, ಆದರೂ ಮೂತಿ ಮೊದಲಿಗಿಂತ ಚುರುಕಾಗಿ ಅಲುಗುತ್ತದೆ. ಟ್ಯೂಬಿನ ತುದಿಯಲ್ಲಿ 100 ಗ್ರಾಂನ ಒಂದೆರಡು ಉಂಗುರ ತೂಕ ಸಿಕ್ಕಿಸುವವರು ಈ ಕೊರತೆಯನ್ನು ಕಡಿಮೆ ಭಾರದಲ್ಲೇ ತುಂಬಿಕೊಳ್ಳುತ್ತಾರೆ. ಹಳೆಯ ಉದ್ದದ ಬ್ಯಾರೆಲ್ ತನಗೇ ತಿಳಿಯದೆ ಕೊಡುತ್ತಿದ್ದದ್ದು ಇದನ್ನೇ. ಅದು ನಿಖರವಾಗಿದ್ದದ್ದು ಉದ್ದದ ಉಕ್ಕಿನಿಂದ ಗುಂಡು ನೇರವಾಗಿ ಬರುತ್ತಿತ್ತೆಂದಲ್ಲ. ದೂರದ ತೂಕ ಹೊಡೆಯುವವನ ಕೈಯನ್ನು ಹದಕ್ಕೆ ತರುತ್ತಿತ್ತು.

ಜಡತೆ ಹೆಚ್ಚಿದಷ್ಟೂ ಒಳ್ಳೆಯದೇ ಎಂದರೆ ಅದೂ ಇಲ್ಲ. ಹೆಚ್ಚು ಜಡತೆಯ ರೈಫಲ್ ನಿಧಾನವಾಗಿ, ಆದರೆ ದೊಡ್ಡ ಸುತ್ತಿನಲ್ಲಿ ತೂಗುತ್ತದೆ. ಒಮ್ಮೆ ಗುರಿಯಿಂದ ಆಚೆ ಹೋದರೆ ವಾಪಸು ತರಲು ತೋಳಿನ ಸ್ನಾಯು ದುಡಿಯಬೇಕು. ಅನುಭವಿ ಸ್ಪರ್ಧಿಗೆ ಆ ನಿಧಾನದ ತೂಗು ಇಷ್ಟ, ಏಕೆಂದರೆ ಅದು ಯಾವಾಗ ನಡುವಿಗೆ ಬರುತ್ತದೆಂದು ಅವರ ಬೆರಳಿಗೆ ಮುಂಚೆಯೇ ತಿಳಿದಿರುತ್ತದೆ. ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರಿಗೆ ಅದೇ ರೈಫಲ್ ಇಪ್ಪತ್ತನೇ ಹೊಡೆತದ ಹೊತ್ತಿಗೆ ಶಿಕ್ಷೆಯಾಗುತ್ತದೆ.

ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್ಸ್ ಸ್ಪರ್ಧೆ ಈ ಪ್ರಶ್ನೆಗೆ ಅತಿ ಕಠಿಣ ಪರೀಕ್ಷೆ. ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರೂ ಭಂಗಿಗೆ ಒಂದೇ ರೈಫಲ್, ಗರಿಷ್ಠ 8 ಕಿಲೋ. ಮೊದಲೆರಡು ಭಂಗಿಯಲ್ಲಿ ತೋಳಿಗೆ ಬಿಗಿದ ಪಟ್ಟಿ ಭಾರ ಹೊರುತ್ತದೆ, ಅಲ್ಲಿ ಮುಂಭಾರ ತೊಂದರೆ ಕೊಡುವುದಿಲ್ಲ. ಒದೆತದ ನಂತರ ಮೂತಿ ಗುರಿಗೇ ಮರಳುವಂತೆ ನೋಡಿಕೊಳ್ಳುವುದರಿಂದ ಅದು ಬೇಕಾಗಿಯೂ ಬರುತ್ತದೆ. ನಿಂತಾಗ ಪಟ್ಟಿಗೆ ಅವಕಾಶವಿಲ್ಲ. ಎಡ ಮೊಣಕೈ ಸೊಂಟದ ಮೇಲೆ ಊರಿ, ಟ್ರಿಗರಿನ ಸ್ವಲ್ಪ ಮುಂದೆ ಅಂಗೈಯೋ ಮುಷ್ಟಿಯೋ ಕೊಟ್ಟು ಇಡೀ ಭಾರವನ್ನು ಎಲುಬಿನ ಮೇಲೆ ಇಳಿಸಬೇಕು. ಸಮತೋಲದ ಬಿಂದು ಆ ಕೈಯ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇದ್ದರೆ ರೈಫಲ್ ತಾನಾಗಿ ಮುಂದಕ್ಕೆ ಒರಗಿ ನಿಲ್ಲುತ್ತದೆ. ಬಿಂದು ಕೈಯ ಹಿಂದೆ ಬಿದ್ದರೆ ಮೂತಿ ಏಳಲು ನೋಡುತ್ತದೆ, ಹೊಡೆಯುವವರು ಅರಿವಿಲ್ಲದೆ ಭುಜದಿಂದ ಅದನ್ನು ಒತ್ತತೊಡಗುತ್ತಾರೆ, ಅಲ್ಲಿಂದ ಮುಂದೆ ಒಂದೊಂದು ಹೊಡೆತದ ಒದೆತವೂ ಒಂದೊಂದು ಥರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅವರ ಫೈನಲ್ ಅಂಕ 451.4. ಫೈನಲ್ಲಿನಲ್ಲಿ ನಿಂತ ಭಂಗಿ ಕೊನೆಗೆ ಬರುತ್ತದೆ, ಒಬ್ಬೊಬ್ಬರೇ ಹೊರಬೀಳುವುದೂ ಅಲ್ಲೇ. ರೈಫಲ್ಲಿನ ಸಮತೋಲವನ್ನು ನಿಂತ ಭಂಗಿಗೆ ಹೊಂದಿಸಿ ಉಳಿದೆರಡನ್ನು ಅದಕ್ಕೆ ಒಗ್ಗಿಸಿಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ.

ಹಿಂದು-ಮುಂದಿನ ಮಾತಿನಲ್ಲಿ ಮೇಲು-ಕೆಳಗನ್ನು ಮರೆಯುವುದುಂಟು. ಚಾಸಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ ಎಂದೇ ನನ್ನ ಅನಿಸಿಕೆ. ಮರದ ಹಿಡಿಯಲ್ಲಿ ತೂಕ ಎಲ್ಲಿ ಬೀಳುತ್ತದೋ ಅಲ್ಲೇ. ಚಾಸಿಯಲ್ಲಾದರೆ ಮುಂಗೈಯ ತಳದ ತೋಡಿನಲ್ಲಿ ಉಕ್ಕಿನ ಅಥವಾ ಹಿತ್ತಾಳೆಯ ಪಟ್ಟಿ ಸರಿಸಿ ಗುರುತ್ವಕೇಂದ್ರವನ್ನು ಕೆಳಕ್ಕೆ ಎಳೆಯಬಹುದು. ಮೇಲ್ಭಾರದ ರೈಫಲ್ ಕೈಯ ಮೇಲೆ ಪಕ್ಕಕ್ಕೆ ಉರುಳಲು ನೋಡುತ್ತದೆ, ಕೆಳಭಾರದ್ದು ತಾನೇ ನೆಟ್ಟಗೆ ನಿಲ್ಲುತ್ತದೆ. ಪಕ್ಕಕ್ಕೆ ವಾಲಿದ ರೈಫಲ್ ಗುಂಡನ್ನು ವಾಲಿದ ಕಡೆಗೇ ಎಸೆಯುತ್ತದೆ. ಆದರೆ ತೀರಾ ಕೆಳಕ್ಕೆ ಎಳೆದರೆ ಬ್ಯಾರೆಲಿಗೂ ಗುರುತ್ವಕೇಂದ್ರಕ್ಕೂ ಅಂತರ ಹೆಚ್ಚಿ ಮೂತಿಯ ಏರಿಕೆಯೂ ಹೆಚ್ಚುತ್ತದೆ. ಹದ ಎಂಬುದು ಇಲ್ಲೂ ಬೇಕು.

ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದರೆ ಆಟವೇ ಬೇರೆ. ಅಲ್ಲಿ ಈಚೆಗೆ ಬೆಳೆದಿರುವ ರಿಮ್‌ಫೈರ್ ಪ್ರಿಸಿಷನ್ ಸ್ಪರ್ಧೆಗಳಲ್ಲಿ ಏಣಿ, ಕುರ್ಚಿ, ಡ್ರಮ್ಮು, ಅಡ್ಡಗಟ್ಟೆ ಹೀಗೆ ಸಿಕ್ಕಿದ್ದರ ಮೇಲೆ ಮರಳಿನ ಚೀಲವಿಟ್ಟು ರೈಫಲ್ ಒರಗಿಸಿ, ಗಡಿಯಾರದ ಎದುರು ಓಡುತ್ತ ಉಕ್ಕಿನ ಫಲಕಗಳಿಗೆ ಹೊಡೆಯುತ್ತಾರೆ. ಮೇಲೆ ದುರ್ಬೀನು ಇರುವುದರಿಂದ ಕಿಂಡಿ-ಉಂಗುರದ ಅಂತರದ ಚಿಂತೆಯಿಲ್ಲ. ಉದ್ದದ ಬ್ಯಾರೆಲ್ ಏಣಿಯ ಮೆಟ್ಟಿಲಿಗೆ ತಗಲುತ್ತದೆ. ಹೀಗಾಗಿ ರೂಗರ್ ಪ್ರಿಸಿಷನ್ ರಿಮ್‌ಫೈರಿಗೂ ಬೆರ್ಗಾರ ಬಿ-14ಆರ್‌ಗೂ 46 ಸೆಂಟಿಮೀಟರ್, ಫಿನ್ಲೆಂಡಿನ ಟಿಕ್ಕ ಟಿ1ಎಕ್ಸ್‌ಗೆ 41 ಅಥವಾ 51. ಇಷ್ಟರವರೆಗೆ ಸರಿ. ತೊಂದರೆ ಚಾಸಿಯಿಂದ ಶುರುವಾಗುತ್ತದೆ.

ಅಲ್ಲಿಯ ಹೆಸರಾಂತ ಚಾಸಿಗಳಲ್ಲಿ ಹಲವು ರೆಮಿಂಗ್ಟನ್ 700ರ ಅಳತೆಗೆ, ದೊಡ್ಡ ಕಾಡತೂಸಿನ ರೈಫಲ್‌ಗಳಿಗೆಂದು ಹುಟ್ಟಿದವು. 65 ಸೆಂಟಿಮೀಟರಿನ ದಪ್ಪ ಬ್ಯಾರೆಲ್ ಮುಂದೆ ಇರುತ್ತದೆಂದು ನಂಬಿ ಹಿಂಭಾಗವನ್ನು ಗಟ್ಟಿಮುಟ್ಟಾಗಿ, ಏರಿಸಿ ಇಳಿಸುವ ಕೆನ್ನೆಪಟ್ಟಿ, ಭುಜಪಟ್ಟಿ ಸಮೇತ ಮಾಡಿರುತ್ತಾರೆ. ಅದೇ ಅಳತೆಯ .22 ರೈಫಲ್‌ಗಳು ಬಂದ ಮೇಲೆ ಜನ ಅವನ್ನು ಅದೇ ಚಾಸಿಗೆ ಇಳಿಸಿದರು. ಮುಂದೆ ಮೋಟು ಬ್ಯಾರೆಲ್, ಮೇಲೆ ಒಂದು ಕಿಲೋದ ಹತ್ತಿರದ ದುರ್ಬೀನು, ಹಿಂದೆ ಭಾರದ ಹಿಡಿ. ರೈಫಲ್ ಬಾಲಕ್ಕೆ ಕೂರುತ್ತದೆ. ಚೀಲದ ಮೇಲೆ ಇಟ್ಟು ಕೈಬಿಟ್ಟರೆ ಮೂತಿ ಆಕಾಶ ನೋಡುತ್ತದೆ. ಆ ಸ್ಪರ್ಧಿಗಳಿಗೆ ಬೇಕಾದ್ದು ಮ್ಯಾಗಜೀನಿನಿಂದ ಎಂಟು ಹತ್ತು ಸೆಂಟಿಮೀಟರ್ ಮುಂದೆ ಚೀಲವಿಟ್ಟಾಗ ರೈಫಲ್ ತಾನೇ ಸಮನಾಗಿ ನಿಲ್ಲುವುದು. ಅದಕ್ಕಾಗಿ ಮುಂಗೈಯ ಒಳಗೂ ಹೊರಗೂ ಉಕ್ಕಿನ ತೂಕ ತುಂಬುತ್ತಾರೆ, ತೂಕ ಏಳೆಂಟು ಕಿಲೋಕ್ಕೆ ಏರುತ್ತದೆ. ತಮಾಷೆಯೆಂದರೆ ಹಗುರ ಇರಲೆಂದು ದುಬಾರಿ ಕಾರ್ಬನ್ ಸುತ್ತಿದ ಬ್ಯಾರೆಲ್ ಕೊಂಡವರೂ ಆಮೇಲೆ ಉಕ್ಕಿನ ಪಟ್ಟಿ ಕೊಳ್ಳಲು ಅದೇ ಅಂಗಡಿಗೆ ಹೋಗುತ್ತಾರೆ. ದಪ್ಪ ಉಕ್ಕಿನ ಬ್ಯಾರೆಲನ್ನೇ ಮೊದಲು ಕೊಂಡಿದ್ದರೆ ಎರಡು ಖರ್ಚೂ ಉಳಿಯುತ್ತಿತ್ತು. 24 ಮಿಲಿಮೀಟರ್ ದಪ್ಪದ 50 ಸೆಂಟಿಮೀಟರ್ ಬ್ಯಾರೆಲ್ 1.68 ಕಿಲೋ ತೂಗುತ್ತದೆ, 22ರ ದಪ್ಪದ 66 ಸೆಂಟಿಮೀಟರಿನದಕ್ಕೆ ಹತ್ತಿರ ಹತ್ತಿರ.

ಬಾಲಭಾರದ ಚಾಸಿಗೆ ಮುಂದೆ ತೂಕ ಸೇರಿಸುವ ಮೊದಲು ಹಿಂದಿನಿಂದ ತೆಗೆಯಲು ನೋಡಬೇಕು. ಭುಜದ ಬಳಿ, ಚೇಂಬರಿನಿಂದ 40 ಸೆಂಟಿಮೀಟರ್ ಹಿಂದೆ 200 ಗ್ರಾಂ ಇಳಿಸಿದರೆ, ಮುಂಗೈಯಲ್ಲಿ 35 ಸೆಂಟಿಮೀಟರಿನಲ್ಲಿ ಸುಮಾರು 450 ಗ್ರಾಂ ಏರಿಸಿದಷ್ಟೇ ಫಲ. ಬಳಸದ ಕೊಕ್ಕೆ, ಹಿಂಚೀಲದ ಪಟ್ಟಿ, ಕೆನ್ನೆಪಟ್ಟಿಯ ಉಕ್ಕಿನ ಕಂಬ ಇವೆಲ್ಲ ಸೇರಿ ಅಷ್ಟು ತೂಕ ಸುಲಭವಾಗಿ ಆಗುತ್ತದೆ.

ಬಯಾತ್ಲಾನಿನವರದು ಇದಕ್ಕೆಲ್ಲ ಎದುರು ದಿಕ್ಕು. 1978ರಿಂದ ಅವರು .22ಕ್ಕೆ ಬಂದರು. ಹಿಮದ ಮೇಲೆ ಸ್ಕೀ ಮಾಡುತ್ತ ಬೆನ್ನ ಮೇಲೆ ಹೊರಬೇಕಾದ್ದರಿಂದ ಅಲ್ಲಿ ನಿಯಮ ಹೇಳುವುದು ಕನಿಷ್ಠ ತೂಕ, 3.5 ಕಿಲೋ. ಎಲ್ಲರೂ ಅದರ ಹತ್ತಿರವೇ ಇರಲು ನೋಡುತ್ತಾರೆ. ಅವರಲ್ಲಿ ಬಹು ಮಂದಿ ಹಿಡಿಯುವ ಆನ್‌ಶುಟ್ಸ್ 1827 ಫೋರ್ಟ್‌ನರಿಗೆ 55 ಸೆಂಟಿಮೀಟರಿನ ಬ್ಯಾರೆಲ್. ನಿಂತು ಹೊಡೆಯುವಾಗ ಅವರ ಗುರಿ 115 ಮಿಲಿಮೀಟರ್ ಅಗಲ, ಹಾಗಾಗಿ ಅಷ್ಟು ಹಗುರದ ರೈಫಲ್ಲಿನಲ್ಲೂ ನಡೆಯುತ್ತದೆ.

ಬ್ಯಾರೆಲನ್ನು ಚಾಸಿಗೆ ಹೊಂದಿಸುವುದೆಂದರೆ ತೂಕ ಮಾತ್ರವಲ್ಲ, ಕೂರುವ ಜಾಗವೂ ಹೌದು. ಚೇಂಬರಿರುವ ಉಕ್ಕಿನ ಮೈ ಚಾಸಿಯ ಅಲ್ಯೂಮಿನಿಯಂ ಹಾಸಿನ ಮೇಲೆ ಎಲ್ಲ ಕಡೆ ಸಮನಾಗಿ ಕೂರಬೇಕು. ಎರಡು ಸ್ಕ್ರೂಗಳನ್ನು ಪ್ರತಿ ಸಲವೂ ಒಂದೇ ಬಿಗಿತಕ್ಕೆ, ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಬ್ಯಾರೆಲ್ ಭಾರವಾದಷ್ಟೂ ಆ ಹಾಸಿನ ಮುಂದಿನ ಅಂಚಿನ ಮೇಲೆ ಒತ್ತಡ ಹೆಚ್ಚು. ಹಾಸು ಸರಿಯಿಲ್ಲದಿದ್ದರೆ ಉದ್ದದ ಬ್ಯಾರೆಲಿನಲ್ಲಿ ಅದು ಬೇಗ ಬಯಲಾಗುತ್ತದೆ. ಬ್ಯಾರೆಲಿನ ಸುತ್ತ ಮುಂಗೈಯ ತೋಡಿನಲ್ಲಿ ಎಲ್ಲೂ ತಗಲದಷ್ಟು ಸಂದು ಬೇಕು. ಹೊಸ ದಪ್ಪ ಬ್ಯಾರೆಲ್ ಕೊಳ್ಳುವ ಮೊದಲು ಆ ತೋಡಿನ ಅಗಲ ಅಳೆಯದವರು ಕೊನೆಗೆ ಚಾಸಿಯನ್ನು ಅರದಿಂದ ಉಜ್ಜಲು ಕೂರುತ್ತಾರೆ. ಇನ್ನೊಂದು ತುದಿಯಲ್ಲಿ, ಉದ್ದ ಮುಂಗೈಯ ಚಾಸಿಗೆ ಮೋಟು ಬ್ಯಾರೆಲ್ ಹಾಕಿದರೆ ಮೂತಿ ಮುಂಗೈಯೊಳಗೇ ಉಳಿದು ಮಸಿ, ಮೇಣ ಎಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ಮುಂಗೈಗಿಂತ ನಾಲ್ಕು ಬೆರಳಾದರೂ ಬ್ಯಾರೆಲ್ ಮುಂದಿರಲಿ.

ನಿಮ್ಮ ರೈಫಲ್ಲಿನ ಲೆಕ್ಕ ತಿಳಿಯಲು ಯಂತ್ರವೇನೂ ಬೇಡ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಾರೆ ನೋಡಿ, ಕಿಂಡಿಯೋ ದುರ್ಬೀನೋ ಹಾಕಿದ ಸ್ಥಿತಿಯಲ್ಲೇ ರೈಫಲ್ಲನ್ನು ಒಂದು ದುಂಡು ಸರಳಿನ ಮೇಲೆ ಅಡ್ಡಲಾಗಿ ಇಟ್ಟು ನಿಲ್ಲುವ ಜಾಗಕ್ಕೆ ಟೇಪಿನ ಗುರುತು ಹಾಕಿ. ಆಮೇಲೆ ಕಣ್ಣುಮುಚ್ಚಿ ನಿಮ್ಮ ಭಂಗಿಗೆ ಹೋಗಿ, ಕೈ ಎಲ್ಲಿ ಬಂತೆಂದು ಮತ್ತೊಂದು ಗುರುತು. ಎರಡು ಗುರುತಿನ ನಡುವಿನ ಅಂತರವೇ ನಿಮ್ಮ ಕೆಲಸ. ಮೀನಿನ ಬಲೆಗೆ ಕಟ್ಟುವ ಸೀಸದ ತುಂಡುಗಳನ್ನು ಟೇಪಿನಿಂದ ಬ್ಯಾರೆಲಿನ ಮೂತಿಯ ಬಳಿ, ಮುಂಗೈಯಲ್ಲಿ, ಭುಜಪಟ್ಟಿಯಲ್ಲಿ ಬೇರೆಬೇರೆಯಾಗಿ ಅಂಟಿಸಿ ಗುಂಡಿಲ್ಲದೆ ಅಭ್ಯಾಸ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ, ಆ ಬದಲಾವಣೆಗೆ ಒಂದು ವಾರವಾದರೂ ಕೊಡಿ. ಮೊದಲ ದಿನ ಎಲ್ಲ ಹೊಸ ಹದವೂ ಚೆನ್ನಾಗಿಯೇ ಅನಿಸುತ್ತದೆ. ಮೂತಿಗೆ ತೂಕ ಅಂಟಿಸಿದಾಗ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಗುಂಪಿನ ಗಾತ್ರವೂ ಹಿಗ್ಗಬಹುದು ಅಥವಾ ಕುಗ್ಗಬಹುದು. ಆದ್ದರಿಂದ ನಿಜ ಗುಂಡಿನ ಪರೀಕ್ಷೆ ಮಾಡಿದ ಮೇಲೆಯೇ ತೀರ್ಮಾನ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಬಂದೂಕಿನ ಬ್ಯಾರೆಲನ್ನು ಕಿರಿದುಗೊಳಿಸಲು ಅದಕ್ಕೆಂದೇ ಪರವಾನಗಿ ಬೇಕು. ಬೇರೆ ದೇಶದ ಹವ್ಯಾಸಿಗಳು ಮಾಡುವಂತೆ ಲೇತಿನ ಅಂಗಡಿಗೆ ಒಯ್ದು ಕತ್ತರಿಸಿ ತರುವ ಮಾತು ಇಲ್ಲಿಲ್ಲ. ಕಾನೂನು ಬಿಟ್ಟರೂ ಅದು ಜಾಣತನವಲ್ಲ. ಒಳ್ಳೆಯ .22 ಬ್ಯಾರೆಲುಗಳ ರಂಧ್ರ ಮೂತಿಯ ಕಡೆಗೆ ಅತಿ ಸೂಕ್ಷ್ಮವಾಗಿ ಬಿಗಿಯಾಗುತ್ತ ಹೋಗಿರುತ್ತದೆ. ಅಂದಾಜಿನಲ್ಲಿ ಕತ್ತರಿಸಿದರೆ ಮೊದಲು ಹೋಗುವುದು ಆ ಬಿಗಿಯೇ. ಕೊಡಗಿನ ಕೈಲ್ ಮುಹೂರ್ತದ ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಹಗುರದ .22 ರೈಫಲ್ ಹಿಡಿದು ನಿಂತು ಹೊಡೆಯುವವರಿಗೂ ಇದೇ ಮಾತು. ಮೂತಿ ನಿಲ್ಲುವುದಿಲ್ಲ ಎನ್ನಿಸಿದರೆ ಬೇರೆ ರೈಫಲ್ ಹುಡುಕುವ ಮೊದಲು ಮುಂಗೈಗೆ ಒಂದಿಷ್ಟು ಸೀಸ ಕಟ್ಟಿ ನೋಡಬಹುದು.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಹೀಗೆ. ಮೊದಲು ಯಾವ ಭಂಗಿ, ಅದರಲ್ಲಿ ನಿಮ್ಮ ಕೈ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತುಮಾಡಿಕೊಳ್ಳಿ. ಆ ಕೈಗೂ ನಿಮ್ಮ ಮೈಕಟ್ಟಿಗೂ ಹೊಂದುವ ಚಾಸಿ ಆರಿಸಿ. ಬ್ಯಾರೆಲ್ ಕೊನೆಗೆ ಬರಲಿ. ಕಿಂಡಿ-ಉಂಗುರದ ಸ್ಪರ್ಧೆಗೆ ಅಲ್ಯೂಮಿನಿಯಂ ಚಾಸಿಯಾದರೆ 50 ಸೆಂಟಿಮೀಟರ್ ಬ್ಯಾರೆಲ್, ಟ್ಯೂಬ್, ಜೊತೆಗೆ ನಾಲ್ಕೈದು ಸಣ್ಣ ತೂಕ. ಕ್ಲಬ್ಬಿನ ಹಳೆಯ ಮರದ ಹಿಡಿಯ 66 ಸೆಂಟಿಮೀಟರಿನ ರೈಫಲ್ ಕೈಗೆ ಸಿಕ್ಕಿದ್ದರೆ ಅದನ್ನು ಬಿಡಬೇಡಿ, ಅದರಲ್ಲಿ ಕೊರತೆಯೇನೂ ಇಲ್ಲ. ದುರ್ಬೀನಿನ ಆಟಕ್ಕೆ 46ರಿಂದ 52 ಸೆಂಟಿಮೀಟರಿನ ದಪ್ಪ ಉಕ್ಕಿನ ಬ್ಯಾರೆಲ್ ಸಾಕು. ತರಬೇತುದಾರರಲ್ಲಿ ಒಂದು ಕೋರಿಕೆಯಿದೆ: ಹೊಸ ಮಕ್ಕಳಿಗೆ ರೈಫಲ್ ಕೊಡುವಾಗ ಎಷ್ಟು ಕಿಲೋ ಎಂದು ಹೇಳುವ ಜೊತೆಗೆ ಅದರ ಸಮತೋಲದ ಬಿಂದುವಿಗೆ ಒಂದು ಬಣ್ಣದ ಟೇಪ್ ಸುತ್ತಿ ಕೊಡಿ.